ಕಲ್ಲಜ್ಜನ ಹತ್ತಿರ ಸಿಗೋಣ

ಮೈಸೂರಿನಲ್ಲಿ ಬೆಳೆದವನಿಗೆ ದಾರಿ ಹೇಳಲು ರಸ್ತೆಯ ಹೆಸರು ಬೇಕಾಗುವುದಿಲ್ಲ. ಒಂದು ಪ್ರತಿಮೆ ಇದ್ದರೆ ಸಾಕು. ಮಹಾರಾಜರ ಎದುರು ನಿಂತು ಬಲಕ್ಕೆ ತಿರುಗು ಎಂದರೆ ಎಂಥ ಹೊಸಬನೂ ಊಟದ ಹೊತ್ತಿಗೆ ಮನೆ ಸೇರುತ್ತಾನೆ. ಪರ್ತ್‌ನ ಥಾರ್ನ್ಲಿ ಬಡಾವಣೆಯಲ್ಲಿ ಮನೆ ಮಾಡಿದಾಗ ನನ್ನನ್ನು ಮೊದಲು ಕಾಡಿದ ಕೊರತೆ ಇದೇ. ಅಲ್ಲಿ ಮೂಲೆಗೊಬ್ಬ ರಾಜನಿಲ್ಲ. ಬರುವವರಿಗೆ ಪೆಟ್ರೋಲ್ ಬಂಕಿನ ಗುರುತು ಹೇಳುತ್ತಿದ್ದೆ. ಅವರು ಇನ್ಯಾವುದೋ ಬಂಕಿನಿಂದ ಫೋನ್ ಮಾಡಿದರೆ ತಪ್ಪು ಅವರದೇ ಎಂದು ವಾದಿಸುತ್ತಿದ್ದೆ.

ಈ ಅಭ್ಯಾಸ ನಮ್ಮನ್ನು ಕೊರಿಯಾದವರೆಗೂ ಹಿಂಬಾಲಿಸಿತು. ತೊಂಬತ್ತರ ದಶಕದ ಕೊನೆಗೆ ನಾವು ಮೂವರು ಒಡಹುಟ್ಟಿದವರು ಹಾಂಗ್‌ಕಾಂಗ್‌ನಲ್ಲಿ ಪ್ರವಾಸಿ ಹಡಗು ಹತ್ತಿದೆವು: ಅಡಿಲೇಡ್‌ನಿಂದ ಅಕ್ಕ, ಬ್ರಿಸ್ಬೇನ್‌ನಿಂದ ತಮ್ಮ ರಘು, ಪರ್ತ್‌ನಿಂದ ನಾನು. ಒಂದೇ ದೇಶದಲ್ಲಿದ್ದೂ ಮೂರು ಗಡಿಯಾರಗಳಲ್ಲಿ ಬದುಕುವ ಸಂಸಾರ ನಮ್ಮದು. ಹೊರಗೆ ಹೇಳಿಕೊಳ್ಳಲು ಅದು ಅಕ್ಕನ ಅರವತ್ತರ ಸಂಭ್ರಮ. ಒಳಗಿನ ಉದ್ದೇಶ ಬೇರೆ. ಭಾವ ತೀರಿಕೊಂಡ ಮೇಲೆ ಅಕ್ಕ ಅಡಿಲೇಡ್‌ನ ಗ್ಲೆನೆಲ್ಗ್ ಕಡಲತೀರದ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದಳು. ಮಂಡಿಯ ಆಪರೇಷನ್ ಕೂಡ ಆಗಿತ್ತು. ಫ್ಲ್ಯಾಟು ಮಾರಿಸಿ ಅವಳನ್ನು ಬ್ರಿಸ್ಬೇನ್‌ಗೆ ಕರೆದೊಯ್ಯುವುದೆಂದು ರಘುವೂ ನಾನೂ ಫೋನಿನಲ್ಲೇ ತೀರ್ಮಾನಿಸಿದ್ದೆವು. ತನ್ನ ಮನೆಯ ಹಿಂದೆ ಅವಳಿಗೆಂದು ಕಟ್ಟಲಿದ್ದ ಕೋಣೆಯ ನಕ್ಷೆಯನ್ನು ರಘು ಬ್ಯಾಗಿನಲ್ಲಿ ತಂದಿದ್ದ. ಅಕ್ಕನನ್ನು ಮಾತ್ರ ಇಬ್ಬರೂ ಕೇಳಿರಲಿಲ್ಲ. ಸಂಬಂಧಪಟ್ಟವರ ಹೇಳಿಕೆಯಿಲ್ಲದ ವರದಿಗಳನ್ನು ವರ್ಷಗಟ್ಟಲೆ ವಾಪಸು ಕಳಿಸಿದ ಸುದ್ದಿಮನೆಯ ಮನುಷ್ಯ ನಾನು.

ಹಡಗು ಬೆಳಿಗ್ಗೆ ಜೆಜು ದ್ವೀಪ ಮುಟ್ಟಿತು, ಸಂಜೆ ಹೊರಡಲಿತ್ತು. ದ್ವೀಪದ ಹೆಸರೇ ಊರಿಗೂ. ಎಲ್ಲಿ ನೋಡಿದರೂ ಜ್ವಾಲಾಮುಖಿ ಉಗುಳಿದ ಕಪ್ಪು ಕಲ್ಲಿನ ಗೋಡೆ. ಹಳೆಯ ಪೇಟೆಯ ನಡುವೆ, ಒಂದು ಕಾಲದಲ್ಲಿ ಸೈನಿಕರನ್ನು ತರಬೇತು ಮಾಡಲು ಕಟ್ಟಿದ ಮರದ ಮಂಟಪವಿದೆ. ಅದರೆದುರು ಟೋಪಿಯಿಟ್ಟ, ಉಬ್ಬುಗಣ್ಣಿನ, ಹೊಟ್ಟೆಯ ಮೇಲೆ ಕೈಯಿಟ್ಟ ಕಲ್ಲಿನ ಮೂರ್ತಿ. ಸ್ಥಳೀಯರು ಅದನ್ನು ಕಲ್ಲಜ್ಜ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಹಿಂದೆ ಇಂಥವರು ಕೋಟೆಯ ಬಾಗಿಲು ಕಾಯುತ್ತಿದ್ದರಂತೆ.

“ಊಟ ಜಾಸ್ತಿಯಾದ ದ್ವಾರಪಾಲಕ,” ಎಂದಳು ಅಕ್ಕ.

“ನೀನು ಇವನ ಹತ್ರಾನೇ ಕೂತಿರಕ್ಕ, ಮಂಡಿಗೆ ಶ್ರಮ ಬೇಡ,” ಎಂದ ರಘು. “ನಾವು ಮಾರ್ಕೆಟ್ ನೋಡ್ಕೊಂಡು ಬಂದ್ಬಿಡ್ತೀವಿ. ಕಲ್ಲಜ್ಜನ ಹತ್ರ ಸಿಗೋಣ.”

“ನಾನೇನು ನಿಮ್ಮ ಚಪ್ಪಲಿ ಕಾಯೋಕೆ ಬಂದಿದೀನಾ?” ಎಂದಳು. ಆದರೂ ಕೂತಳು.

ಮಾರುಕಟ್ಟೆಯಲ್ಲಿ ನಾವು ನೋಡಿದ್ದು ಕಡಿಮೆ. ಬ್ರಿಸ್ಬೇನ್ ವಿಷಯವನ್ನು ಯಾರು ಎತ್ತಬೇಕು ಎಂದು ಒಬ್ಬರನ್ನೊಬ್ಬರು ಮುಂದೆ ತಳ್ಳಿದ್ದೇ ಹೆಚ್ಚು. ಮರಳುವಾಗ ಒಂದು ಮೂಲೆಯಲ್ಲಿ ಕಲ್ಲಜ್ಜ ಕಂಡ. ಅಕ್ಕ ಇರಲಿಲ್ಲ, ಮಂಟಪವೂ ಇರಲಿಲ್ಲ. ಮುಂದೆ ಹೋಟೆಲಿನ ಬಾಗಿಲಲ್ಲಿ ಇನ್ನೊಬ್ಬ. ಕಿತ್ತಳೆ ಅಂಗಡಿಯ ಮುಂದೆ ಜೋಡಿ ಅಜ್ಜಂದಿರು. ನಮ್ಮ ಮಹಾರಾಜರು ತಂತಮ್ಮ ಸರ್ಕಲ್ ಬಿಟ್ಟು ಕದಲಿದವರಲ್ಲ. ಈ ಅಜ್ಜ ಊರೆಲ್ಲ ತಿರುಗುತ್ತಿದ್ದ. ಭಾಷೆ ಬಾರದೆ, ಅಂಗಡಿಯಾಕೆಯ ಮುಂದೆ ನಾನೇ ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣರಳಿಸಿ ನಿಂತೆ. ಆಕೆ ಕನಿಕರದಿಂದ ಔಷಧಿ ಅಂಗಡಿಯತ್ತ ಕೈ ತೋರಿಸಿದಳು.

ಕೊನೆಗೆ ಮಂಟಪ ಸಿಕ್ಕಿತು. ಅಕ್ಕ ಕೂತ ಜಾಗ ಖಾಲಿ.

“ಎಲ್ಲೋ ಬಿದ್ದಿದಾಳೆ ಕಣೋ,” ಎಂದ ರಘು. ಸುತ್ತಲಿನ ಬೀದಿಗಳನ್ನೆಲ್ಲ ಹುಡುಕಿ, ಹಡಗಿನವರಿಗೆ ತಿಳಿಸಲು ಇಬ್ಬರೂ ಬಂದರಿಗೆ ಓಡಿದೆವು.

ಹಡಗಿನ ಬುಡದಲ್ಲಿ, ಬೆಂಚಿನ ಮೇಲೆ ಕೂತು ಅಕ್ಕ ಕಿತ್ತಳೆ ಸುಲಿಯುತ್ತಿದ್ದಳು.

“ಎಲ್ ಹಾಳಾಗಿ ಹೋಗಿದ್ರೋ? ಇಬ್ರು ಹುಡುಗ್ರು ಕಳೆದುಹೋಗಿದಾರೆ ಅಂತ ಈ ಹಡಗಿನವರಿಗೆ ಹೇಳೋದ್ರಲ್ಲಿದ್ದೆ.”

“ಇಲ್ಲೀವರೆಗೆ ಹೇಗೆ ಬಂದೆ? ಯಾರು ದಾರಿ ತೋರಿಸಿದ್ರು?”

“ಕಾದು ಕಾದು ಸಾಕಾಯ್ತು. ಊರು ಸಮುದ್ರದ ಕಡೆ ಇಳಿಯುತ್ತೆ, ನಾನೂ ಇಳಿದೆ. ದಿನಾ ಸಂಜೆ ನಮ್ಮನೆ ಹತ್ರ ಸಮುದ್ರದೊಳಕ್ಕೆ ಕಟ್ಟಿರೋ ಜೆಟ್ಟಿ ತುದಿವರೆಗೆ ಹೋಗಿ ಬರೋಳಿಗೆ ಸಮುದ್ರ ಎಲ್ಲಿದೆ ಅಂತ ಹೇಳ್ಕೊಡಬೇಕಾ? ಬರೋ ದಾರೀಲಿ ಅರ್ಧ ಊರು ನೋಡಿದೆ.”

ದಿನಾ ಸಂಜೆ ಎಂಬುದು ನಮಗೆ ಹೊಸ ಸುದ್ದಿ. ಪ್ರತಿ ಭಾನುವಾರ ಮಂಡಿ ಹೇಗಿದೆ ಎಂದು ಕೇಳುತ್ತಿದ್ದೆವು. ಅದು ಎಲ್ಲೆಲ್ಲಿಗೆ ಹೋಗಿಬರುತ್ತಿದೆ ಎಂದು ಕೇಳಿರಲಿಲ್ಲ.

“ರಘು, ಬ್ಯಾಗಲ್ಲಿ ಅದೇನೋ ನಕ್ಷೆ ಇಟ್ಕೊಂಡು ಓಡಾಡ್ತಿದ್ಯಲ್ಲ, ಅದನ್ನಾದರೂ ನೋಡ್ಬಾರದಿತ್ತಾ?”

ರಘು ನನ್ನ ಮುಖ ನೋಡಿದ. ನಾನು ಹಡಗು ನೋಡಿದೆ.

“ಅದು ಈ ಊರಿಂದಲ್ಲಕ್ಕ. ಮನೆ ಹಿಂದೆ ಒಂದು ರೂಮ್ ಕಟ್ತಿದೀನಿ. ನೀನು ಬಂದಾಗ... ನಾಲ್ಕು ದಿನ ಇರೋಕೆ.”

ಅಕ್ಕ ಅವನನ್ನೇ ದಿಟ್ಟಿಸಿ, ಅರ್ಧ ಕಿತ್ತಳೆ ಕೊಟ್ಟಳು. “ಕಿಟಕಿ ದೊಡ್ಡದಿಡ್ಸು.”

ಸುದ್ದಿಮನೆಯಲ್ಲಿ ‘ಹೆಮ್ಮೆ’ ಎಂಬ ಪದ ಕಂಡಲ್ಲೆಲ್ಲ ಹೊಡೆದುಹಾಕುತ್ತಿದ್ದೆ. ವರದಿಗಾರನಿಗೆ ಏನನ್ನಿಸಿತು ಎಂಬುದು ಸುದ್ದಿಯಲ್ಲ. ಆ ಸಂಜೆ ಅಕ್ಕ ಕಂಬಿ ಹಿಡಿಯದೆ ಹಡಗು ಹತ್ತಿದಳು, ಹಿಂದೆ ಏದುಸಿರು ಬಿಡುತ್ತ ನಾವಿಬ್ಬರು. ಸುದ್ದಿ ಇಷ್ಟೇ. ಹೆಮ್ಮೆ ಎಂಬುದನ್ನು ಈ ಒಂದು ಸಲ ಹೊಡೆದುಹಾಕದೆ ಬಿಟ್ಟಿದ್ದೇನೆ.

ಆ ದಿನ ದಾರಿಯಲ್ಲಿ ಅವಳು ನನಗೆಂದು ಕೊಂಡಿದ್ದ ಪುಟ್ಟ ಕಲ್ಲಜ್ಜ ಈಗ ಥಾರ್ನ್ಲಿಯ ನಮ್ಮ ಗೇಟಿನ ಪಕ್ಕ ಕೂತಿದ್ದಾನೆ. ಬರುವವರಿಗೆಲ್ಲ ಅವನದೇ ಗುರುತು ಹೇಳುತ್ತೇನೆ. ಅಕ್ಕ ಅಡಿಲೇಡ್‌ನಿಂದ ಒಬ್ಬಳೇ ಬರುತ್ತಾಳೆ. ಗುರುತು ಕೇಳುವುದಿಲ್ಲ.