ಆಡದೇ ಉಳಿದ ನಾಟಕದ ಪ್ರಾಂಪ್ಟರ್

ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಸದಾ ನೇರಳೆ ಬಣ್ಣಕ್ಕೆ ತಿರುಗಿರುತ್ತಿತ್ತು. ಅದು ಕಾರ್ಬನ್ ಕಾಗದದ ಬಣ್ಣ. ಹಗಲು ಕುವೈತಿನ ಶರ್ಕ್‌ನ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಸಂಜೆಯಾದರೆ ಮೈದಾನ್ ಹವಲ್ಲಿಯ ಮೂರನೇ ಮಹಡಿಯ ಕೋಣೆಯಲ್ಲಿ ನೆಲದ ಮೇಲೆ ಕುಳಿತು, ಬಾಲ್‌ಪೆನ್ನನ್ನು ಒತ್ತಿ ಒತ್ತಿ ಬರೆದು, ಒಂದೇ ಸಲಕ್ಕೆ ನಾಟಕದ ನಾಲ್ಕು ಪ್ರತಿ ತೆಗೆಯುತ್ತಿದ್ದರು. ನಾಲ್ಕನೆಯದು ಯಾವಾಗಲೂ ಮಸುಕು. ಅದನ್ನು ತಮಗೆ ಇಟ್ಟುಕೊಳ್ಳುತ್ತಿದ್ದರು. ಬರೆಯುವಷ್ಟರಲ್ಲಿ ಇಡೀ ನಾಟಕ ಅವರಿಗೆ ಬಾಯಿಪಾಠವಾಗಿಬಿಡುತ್ತಿತ್ತು.

ಪರದೆಯ ಮರೆಯಲ್ಲಿ ಕುಳಿತು ನಟರಿಗೆ ಮರೆತ ಮಾತು ಎತ್ತಿಕೊಡುತ್ತಿದ್ದರಿಂದ ಎಲ್ಲರೂ ಅವರನ್ನು ಪ್ರಾಂಪ್ಟರ್ ಮಾಮ ಎನ್ನುತ್ತಿದ್ದರು. ಊರು ಮುಲ್ಕಿ, ಮನೆಮಾತು ತುಳು. ನಾನು ದಾವಣಗೆರೆಯವನಾದ್ದರಿಂದ ನನ್ನೊಡನೆ ಕನ್ನಡ. ಗಿಡ್ಡ ಆಳು; ಸಕ್ಕರೆ ಕಾಯಿಲೆ ಬೇರೆ. ಊಟಕ್ಕೆ ಮೊದಲು ಫ್ರಿಜ್ಜಿನಿಂದ ಇನ್ಸುಲಿನ್ ತೆಗೆದು, ಅಂಗಿ ಎತ್ತಿ ಹೊಟ್ಟೆಗೆ ಚುಚ್ಚಿಕೊಳ್ಳುತ್ತಲೇ ಯಾರದಾದರೂ ಉಚ್ಚಾರ ತಿದ್ದುತ್ತಿದ್ದರು. ಇಪ್ಪತ್ತು ವರ್ಷ ಕುವೈತಿನಲ್ಲಿ ನಾಟಕದ ಹಿಂದೆ ಓಡಾಡಿದ್ದರೂ ಒಮ್ಮೆಯೂ ರಂಗದ ಮೇಲೆ ಬಂದವರಲ್ಲ.

ತೊಂಬತ್ತರ ಜುಲೈಯಲ್ಲಿ ನಾನು ಅಲ್ಲಿಗೆ ಹೋದೆ. ಸ್ವಾತಂತ್ರ್ಯ ದಿನಕ್ಕೆ ಅಲ್ಲಿನ ಕನ್ನಡಿಗರು ಒಂದು ನಾಟಕ ಆಡಬೇಕೆಂದಿದ್ದರು. ಪೊಲೀಸ್ ಇನ್‌ಸ್ಪೆಕ್ಟರನ ಮುಖ್ಯ ಪಾತ್ರಕ್ಕೆ ಊರಿನಿಂದಲೇ ನಟ ಬೇಕೆಂದು ನನ್ನನ್ನು ಕರೆಸಿದರು. ನನಗಾಗ ಇಪ್ಪತ್ತಾರು. ವಿಮಾನ ಹತ್ತಿದ್ದು ಅದೇ ಮೊದಲು. ಊರೂರು ಸುತ್ತಿ ಚಪ್ಪಾಳೆ ತಿಂದು ಕೊಬ್ಬಿದ್ದೆ. ಮಾಮನ ಕೋಣೆಯಲ್ಲೇ ಉಳಿಯಲು ವ್ಯವಸ್ಥೆಯಾಯಿತು.

ಮೊದಲ ತಾಲೀಮು ಮುಗಿದಾಗ ಎಲ್ಲರೂ ಹೊಗಳಿದರು. ಮಾಮ ಮಾತ್ರ ಕುಳಿತ ಸ್ಟೂಲಿನಿಂದ ಏಳಲಿಲ್ಲ.

"ಹೇಗಿತ್ತು ಮಾಮ?" ಎಂದೆ.

"ನಿನ್ನ ಮಾತು ನಿನಗೆ ಸರಿ ಬರ್ತದೆ ಮಾರಾಯ. ಎದುರಿನವ ಮಾತಾಡುವಾಗ ನೀನು ಎಲ್ಲಿರ್ತಿ?"

"ನನ್ನ ಮುಂದಿನ ಮಾತು ನೆನಪು ಮಾಡಿಕೊಳ್ತಿರ್ತೀನಿ."

"ಅದೇ ನಾನು ಹೇಳುದು. ನೀನು ಕಾಯ್ತಾ ಇರ್ತಿ. ಕೇಳ್ತಾ ಇರುದಿಲ್ಲ."

ಗುಮಾಸ್ತನೊಬ್ಬ ನನಗೆ ನಟನೆ ಹೇಳಿಕೊಡುವುದೇ ಎಂದು ಒಳಗೊಳಗೇ ಸಿಟ್ಟು ಬಂತು. ಮರುದಿನ ದರ್ಜಿ ಇನ್‌ಸ್ಪೆಕ್ಟರನ ಖಾಕಿ ಸಮವಸ್ತ್ರ ತಂದುಕೊಟ್ಟ. ನನ್ನ ಅಳತೆಗೇ ಹೊಲಿದದ್ದು. ಹೆಗಲಿಗೆ ಹಿತ್ತಾಳೆಯ ನಕ್ಷತ್ರ, ಅಗಲವಾದ ಬೆಲ್ಟು. ಕನ್ನಡಿಯ ಮುಂದೆ ಅದನ್ನು ತೊಟ್ಟು ನಿಂತಾಗ ಸಿಟ್ಟೆಲ್ಲ ಇಳಿಯಿತು. ಅಷ್ಟು ಚಂದದ ಉಡುಪು ಅಲ್ಲಿಯವರೆಗೆ ನನಗೆ ಯಾರೂ ಹೊಲಿಸಿರಲಿಲ್ಲ.

ಆಗಸ್ಟ್ ಮೊದಲ ವಾರದ ಗುರುವಾರ ಬೆಳಿಗ್ಗೆ ಕಿಟಕಿಯ ಗಾಜು ನಡುಗಿ ಎಚ್ಚರವಾಯಿತು. ಹೆಲಿಕಾಪ್ಟರುಗಳು ಕಟ್ಟಡದ ತಲೆಯ ಮೇಲೇ ಹಾರುತ್ತಿದ್ದವು. ಮಾಮ ರೇಡಿಯೋ ಹಿಡಿದು ಕುಳಿತಿದ್ದರು. "ಇರಾಕಿನವರು ಒಳಗೆ ಬಂದಿದ್ದಾರೆ" ಎಂದರು. ರೇಡಿಯೋ ಆರಿಸಿ, "ನಾಟಕ ಇಲ್ಲ" ಎಂದರು.

ಆ ವಾರದಲ್ಲೇ ಊರಿನ ಮುಖ ಬದಲಾಯಿತು. ಟೆಲಿಫೋನ್ ಸತ್ತಿತು. ಅಂಗಡಿಗಳ ಬಾಗಿಲು ಮುರಿದು ಲಾರಿಗಳಲ್ಲಿ ಸಾಮಾನು ಸಾಗಿಸುತ್ತಿದ್ದರು. ರೊಟ್ಟಿಗೆ ಬಿಸಿಲಿನಲ್ಲಿ ಮೂರು ತಾಸಿನ ಸಾಲು. ಎದುರಿನ ಕಟ್ಟಡದಲ್ಲಿದ್ದ ಕುವೈತಿ ಪೊಲೀಸನನ್ನು ಹಗಲು ಹೊತ್ತಿನಲ್ಲೇ ಎಳೆದುಕೊಂಡು ಹೋದರು. ಅವನ ಸಮವಸ್ತ್ರವನ್ನು ಒಬ್ಬ ಸೈನಿಕ ಕೋಲಿಗೆ ಸಿಕ್ಕಿಸಿ ಎತ್ತಿ ಹಿಡಿದಿದ್ದ. ನಾವಿಬ್ಬರೂ ಪರದೆಯ ಸಂದಿಯಿಂದ ನೋಡಿದೆವು.

ಮಾಮ ತಿರುಗಿ ನನ್ನ ಮುಖ ನೋಡಿದರು. "ಆ ಖಾಕಿ ಅಂಗಿ ಉಂಟಲ್ಲ, ಅದನ್ನು ತುಂಡು ತುಂಡು ಮಾಡಿ ಬಿಸಾಡು. ಈಗಲೇ."

"ಆಯ್ತು ಮಾಮ."

ಕತ್ತರಿ ಕೈಗೆತ್ತಿಕೊಂಡೆ. ಬೆಲ್ಟನ್ನೂ ನಕ್ಷತ್ರಗಳನ್ನೂ ಕಸದ ಡಬ್ಬಿಗೆ ಹಾಕಿದೆ. ಅಂಗಿ ಕತ್ತರಿಸಲು ಮನಸ್ಸಾಗಲಿಲ್ಲ. ಊರಿಗೆ ಮರಳಿದ ಮೇಲೆ ಇದೇ ಪಾತ್ರ ಮಾಡಬಹುದು, ಕುವೈತಿನಲ್ಲಿ ಹೊಲಿಸಿದ್ದು ಎಂದು ತೋರಿಸಬಹುದು ಎಂಬ ಆಸೆ. ಅಂಗಿ, ಪ್ಯಾಂಟು ಎರಡನ್ನೂ ಮಡಚಿ ಟ್ರಂಕಿನ ತಳದಲ್ಲಿ ಹಳೇ ಪಂಚೆಯ ಕೆಳಗಿಟ್ಟೆ.

"ಬಿಸಾಡಿದಿಯಾ?" ಎಂದು ಸಂಜೆ ಕೇಳಿದರು.

"ಬಿಸಾಕಿದೆ."

ಆಗಸ್ಟ್ ಮುಗಿಯುವ ಹೊತ್ತಿಗೆ ಭಾರತೀಯರೆಲ್ಲ ಒಂದು ಶಾಲೆಯಲ್ಲಿ ಸೇರುತ್ತಿದ್ದಾರೆ, ಅಲ್ಲಿಂದ ಬಸ್ಸುಗಳು ಹೊರಡುತ್ತವೆ ಎಂಬ ಸುದ್ದಿ ಬಂತು. ಪರಿಚಯದವರ ಕಾರಿನಲ್ಲಿ ನಾನೂ ಮಾಮನೂ ಹೊರಟೆವು. ತಿರುವಿನಲ್ಲಿ ಮರಳಿನ ಚೀಲಗಳ ಹಿಂದೆ ಆರೇಳು ಸೈನಿಕರು. ಇಳಿಸಿದರು. ಟ್ರಂಕು ತೆಗೆಸಿದರು. ಒಬ್ಬ ಎಲ್ಲವನ್ನೂ ರಸ್ತೆಗೆ ಸುರಿದ. ಪಂಚೆಯ ಕೆಳಗಿನಿಂದ ಖಾಕಿ ಜಾರಿ ಬಿತ್ತು.

ಮಾಮ ಅದನ್ನು ನೋಡಿದರು. ನನ್ನನ್ನು ನೋಡಲಿಲ್ಲ.

ಅಧಿಕಾರಿ ಅಂಗಿಯನ್ನು ಎತ್ತಿ ಕೊಡವಿದ. ಹೆಗಲಿನಲ್ಲಿ ನಕ್ಷತ್ರ ಸಿಕ್ಕಿಸಿದ್ದ ತೂತುಗಳು ಕಾಣುತ್ತಿದ್ದವು. ಕಿತ್ತ ನಕ್ಷತ್ರ ಇನ್ನೂ ಹೆಚ್ಚು ಅನುಮಾನ ತಂದಿತು.

"ಹಾದಾ ಮಾಲ್ ಮಿನ್?" ಎಂದ. ಯಾರದಿದು?

ನಾಟಕದ್ದು ಎಂದು ಅರಬಿಯಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ, ನಿಜ. ಆದರೆ ನನ್ನದು ಎನ್ನಲು ಭಾಷೆ ಬೇಕಿರಲಿಲ್ಲ. ಎದೆಯ ಮೇಲೆ ಕೈ ಇಟ್ಟಿದ್ದರೆ ಸಾಕಿತ್ತು. ಕೈ ಏಳಲಿಲ್ಲ.

"ಮಾಲಿ" ಎಂದರು ಮಾಮ. ನನ್ನದು. "ತಮ್ಸೀಲ್, ಸಾಹೇಬ್. ತಮ್ಸೀಲ್." ನಾಟಕ, ನಾಟಕ.

ತೊಟ್ಟುಕೋ ಎಂದು ಅವನು ಸನ್ನೆ ಮಾಡಿದ. ರಸ್ತೆಯ ನಡುವೆ ಮಾಮ ಅದನ್ನು ತೊಟ್ಟರು. ತೋಳು ಬೆರಳು ದಾಟಿ ಇಳಿಬಿದ್ದಿತು. ಸೈನಿಕರು ನಕ್ಕರು. ಅಧಿಕಾರಿ ನಗಲಿಲ್ಲ. ಯಾರೋ ಕುವೈತಿ ಪೊಲೀಸನ ಅಂಗಿಯನ್ನು ಇವನು ಮುಚ್ಚಿಡುತ್ತಿದ್ದಾನೆ ಎಂದು ಅವನಿಗೆ ತೋರಿರಬೇಕು. ಮಾಮನ ಜೇಬಿನಿಂದ ಇಕಾಮಾ, ಅಂದರೆ ವಾಸದ ಪರವಾನಗಿಯ ಚೀಟಿ ಕಿತ್ತುಕೊಂಡು, ಜೀಪಿನತ್ತ ತಳ್ಳಿದ. ನಮಗೆ "ಯಲ್ಲಾ, ಯಲ್ಲಾ" ಎಂದು ಕೈ ಬೀಸಿದ.

ನಾವು ಹೊರಟೆವು. ನಾನು ಹಿಂದಿನ ಗಾಜಿನಲ್ಲಿ ನೋಡಲಿಲ್ಲ.

ಐದು ದಿನ ಶಾಲೆಯ ವರಾಂಡದಲ್ಲಿ ಕಳೆದೆ. ಏನಾಯಿತೆಂದು ಕೇಳಿದವರಿಗೆಲ್ಲ, "ಮಾಮನನ್ನು ಸುಮ್ಮನೆ ಹಿಡಿದರು" ಎಂದೆ. ಕಾರು ಓಡಿಸಿದವರು ನನ್ನ ಮುಖ ನೋಡಿ ಎದ್ದು ಹೋದರು.

ಆರನೆಯ ದಿನ ಮಧ್ಯಾಹ್ನ ಮಾಮ ನಡೆದುಕೊಂಡು ಬಂದರು. ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಎಡಗಿವಿಯ ಪಕ್ಕ ಊದಿ ಕಪ್ಪಾಗಿತ್ತು. ಆ ಕಿವಿ ಆಮೇಲೆ ಸರಿಯಾಗಿ ಕೇಳಿಸಲೇ ಇಲ್ಲ. ಒಬ್ಬ ನರ್ಸ್‌ಬಾಯಿ ತನ್ನ ಹತ್ತಿರವಿದ್ದ ಇನ್ಸುಲಿನ್ ಕೊಟ್ಟಳು. ನೀರು ಕುಡಿದ ಮೇಲೆ ನಾನು ಪಕ್ಕದಲ್ಲಿ ಹೋಗಿ ಕುಳಿತೆ.

"ಹೇಗೆ ಬಿಟ್ಟರು ಮಾಮ?"

"ನಾಟಕ ಅಂದ್ರೆ ಆಡಿ ತೋರ್ಸು ಅಂತ ಹೇಳಿದ ಆ ದೊಡ್ಡವ. ಆಡಿದೆ. ಮೂರು ಅಂಕ, ಎಲ್ಲ ಪಾತ್ರ ನಾನೇ. ನಿನ್ನದೂ ಮಾಡಿದೆ."

ನಾನು ನಗಲು ನೋಡಿದೆ. ಅವರು ಗೋಡೆ ನೋಡುತ್ತ ಮುಂದುವರಿಸಿದರು.

"ಮರುದಿನ ಮತ್ತೆ ಆಡ್ಲಿಕ್ಕೆ ಹೇಳಿದ. ತಾಯಿ ಸಾಯುವಲ್ಲಿ ಅವರೆಲ್ಲ ನಗಾಡಿದರು. ಕೋಣೆಯಲ್ಲಿ ಒಬ್ಬ ಕುವೈತಿ ಹುಡುಗ ಇದ್ದ, ಕೈ ಕಟ್ಟಿ ಕೂರ್ಸಿದ್ರು. ಅವ ಒಬ್ಬ ನಗಾಡ್ಲಿಲ್ಲ. ಭಾಷೆ ಗೊತ್ತಿಲ್ಲದಿದ್ರೂ ಕಣ್ಣು ತೆಗೆಯದೆ ಕೇಳಿದ. ಅಷ್ಟು ಚಂದ ಕೇಳಿದವರನ್ನು ನಾನು ನೋಡ್ಲಿಲ್ಲ. ಮೂರನೇ ದಿನ ಅವ ಇರ್ಲಿಲ್ಲ."

"ಎಲ್ಲಿಗೆ ಕಳಿಸಿದರು?"

ಮಾಮ ಕಾಲು ಚಾಚಿ ಅಂಗಾಲಿನ ಮಣ್ಣು ಒರೆಸಿಕೊಂಡರು.

ನಾನು ಕೇಳಿದೆ, "ನನ್ನದು ಅಂತ ಯಾಕೆ ಹೇಳಿದಿರಿ ಮಾಮ?"

"ಯಾರಾದ್ರೂ ಹೇಳ್ಬೇಕಿತ್ತಲ್ಲ" ಎಂದರು. ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಬಸ್ಸಿನ ಪಟ್ಟಿಯಲ್ಲಿ ನನ್ನ ಹೆಸರು ಬಂತು, ಅವರದು ಬರಲಿಲ್ಲ. ಅವರ ಪಾಸ್‌ಪೋರ್ಟ್ ಕೆಲಸಕ್ಕೆ ಕರೆಸಿಕೊಂಡ ಕುವೈತಿ ಧಣಿ, ಕಫೀಲನ ಹತ್ತಿರವಿತ್ತು. ಕಫೀಲ್ ಬೇಸಿಗೆಗೆ ಹೊರದೇಶಕ್ಕೆ ಹೋದವನು ಮರಳಿರಲಿಲ್ಲ. ಗುರುತಿಗೆಂದು ಕೈಯಲ್ಲಿದ್ದದ್ದು ಇಕಾಮಾ ಒಂದೇ. ಅದೂ ಆ ತಿರುವಿನಲ್ಲಿ ಹೋಯಿತು. ಕಾಗದವಿಲ್ಲದವರ ಪಟ್ಟಿ ಬೇರೆ, ಅದು ನಿಧಾನ ಎಂದರು. ನನ್ನಿಂದಲೇ ಹೀಗಾಯಿತು ಎಂದು ಆಗಲಾದರೂ ಹೇಳಬಹುದಿತ್ತು.

ಬಸ್ಸಿನ ಕಿಟಕಿಯ ಹತ್ತಿರ ಬಂದು ಮಾಮ, "ದಾರಿಯಲ್ಲಿ ನೀರು ಸ್ವಲ್ಪ ಸ್ವಲ್ಪವೇ ಕುಡಿ. ನಾನು ಮುಂದಿನದರಲ್ಲಿ ಬರ್ತೇನೆ" ಎಂದರು. ಬಸ್ರಾ, ಬಾಗ್ದಾದ್, ಅಮ್ಮಾನಿನ ಡೇರೆಗಳು, ಕೊನೆಗೆ ಬೊಂಬಾಯಿ. ಅಷ್ಟು ದೂರದ ಪ್ರಯಾಣದಲ್ಲಿ ನಾನು ನೋಡಿದ್ದು ಕಡಿಮೆ. ಕಣ್ಣು ಮುಚ್ಚಿದರೆ ಉದ್ದ ತೋಳಿನ ಅಂಗಿ ತೊಟ್ಟ ಗಿಡ್ಡ ಮನುಷ್ಯ ಕಾಣುತ್ತಿದ್ದರು.

ಮುಂದಿನ ಬಸ್ಸಿನಲ್ಲಿ ಅವರು ಬರಲಿಲ್ಲ. ಅದರ ಮುಂದಿನದರಲ್ಲೂ ಬರಲಿಲ್ಲ. ಜನವರಿಯಲ್ಲಿ ಬಾಂಬು ಬೀಳತೊಡಗಿತು. ತೊಂಬತ್ತೊಂದರ ಬೇಸಿಗೆಯಲ್ಲಿ, ಕೊನೆಯವರೆಗೂ ಅಲ್ಲೇ ಉಳಿದಿದ್ದ ಹೋಟೆಲಿನವರೊಬ್ಬರು ಊರಿಗೆ ಬಂದು ಸುದ್ದಿ ಹೇಳಿದರು. ಚಳಿಗಾಲದಲ್ಲಿ ಇನ್ಸುಲಿನ್ ಎಲ್ಲೂ ಸಿಗದೆ ಮಾಮ ಹೋಗಿದ್ದರು. ಕೊನೆಯ ಎರಡು ದಿನ ಮಾತಿರಲಿಲ್ಲವಂತೆ. ದೇಹ ಏನಾಯಿತೆಂದು ಅವರಿಗೂ ಗೊತ್ತಿರಲಿಲ್ಲ.

ಮುಲ್ಕಿಯಲ್ಲಿ ಅವರ ಅಕ್ಕ ಇದ್ದರು. ಹುಡುಕಿಕೊಂಡು ಹೋದೆ. ಅಕ್ಟೋಬರಿನಲ್ಲಿ ಯಾರದೋ ಕೈಯಲ್ಲಿ ಮಾಮ ಕಳಿಸಿದ್ದ ಒಂದು ಪತ್ರವನ್ನು ತೋರಿಸಿದರು. ಆರೋಗ್ಯ ಚೆನ್ನಾಗಿದೆ, ದಾವಣಗೆರೆಯ ಒಬ್ಬ ಒಳ್ಳೆಯ ನಟನ ಪರಿಚಯವಾಯಿತು, ಕಾಗದ ಸಿಕ್ಕ ಕೂಡಲೆ ಬರುತ್ತೇನೆ ಎಂದಿತ್ತು. ಹಿಡಿದದ್ದು, ಹೊಡೆದದ್ದು ಯಾವುದೂ ಇರಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಅಂಗಿ ನನ್ನದು, ಬಿಸಾಡಿದೆ ಎಂದು ಸುಳ್ಳು ಹೇಳಿದ್ದೆ, ಕೇಳಿದಾಗ ಬಾಯಿ ಬಿಡಲಿಲ್ಲ ಎಂದೆ. ಅಕ್ಕ ಪತ್ರವನ್ನು ನಾಲ್ಕಾಗಿ ಮಡಚಿದರು.

"ಅವ ನನಗೆ ಇದನ್ನು ಬರೀಲಿಲ್ಲ" ಎಂದರು. "ಬರೀಬಾರದು ಅಂತಲೇ ಬಿಟ್ಟದ್ದು. ನೀವು ಬಂದು ಹೇಳಿದ್ರಿ. ಈಗ ನಿಮಗೆ ಹಗುರ ಆಯ್ತಾ?"

"ಇಲ್ಲ ಅಕ್ಕ."

"ಹಾಗಾದ್ರೆ ಯಾಕೆ ಹೇಳಿದ್ದು?"

ನಾನು ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದೆ. ಆಮೇಲೆ ಬಹಳ ಊರು ಸುತ್ತಿದೆ, ಬಹಳ ಪಾತ್ರ ಮಾಡಿದೆ. ನಟನಾಗಿ ನಾನು ಬೆಳೆದಿದ್ದೇನೆ ಎಂದು ಬಲ್ಲವರು ಹೇಳುತ್ತಾರೆ. ಅದರ ಕಾರಣ ಕೇಳಿದರೆ ಮಾತು ಬೇರೆ ಕಡೆಗೆ ತಿರುಗಿಸುತ್ತೇನೆ. ಕರಾವಳಿಯ ಕಡೆ ನಾಟಕವಿದ್ದಾಗ ತಪ್ಪದೆ ಮುಲ್ಕಿಗೆ ಹೋಗುತ್ತೇನೆ. ಅಕ್ಕ ಬಾಗಿಲು ತೆರೆಯುತ್ತಾರೆ, ಕುರ್ಚಿ ತೋರಿಸುತ್ತಾರೆ. ಹೊರಡುವವರೆಗೂ ಅವರು ಆಡುವ ಒಂದೆರಡು ಮಾತನ್ನು ಕುಳಿತು ಕೇಳುತ್ತೇನೆ.