ಕೋಡುಬಳೆ ಪೊಟ್ಟಣದ ಮೇಲಿನ ವಿಳಾಸ

ಆ ದಿನಗಳಲ್ಲಿ ಅರಕಲಗೂಡಿನ ನಮ್ಮ ಶಾಲೆಯಲ್ಲಿ ಹುಡುಗಿಯರ ಶೌಚಾಲಯಕ್ಕೆ ಗೋಡೆಯಿತ್ತು, ತಲೆಯ ಮೇಲೆ ಶೀಟಿತ್ತು, ಬಾಗಿಲು ಮಾತ್ರ ಇರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನಿಬ್ಬರು ಲಂಗ ಅಗಲಿಸಿಕೊಂಡು ಹೊರಗೆ ನಿಲ್ಲಬೇಕಿತ್ತು. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆಗ ಅಳು ಬರುತ್ತಿತ್ತು. ಇಂಥ ಕಾವಲು ಕಾದ ನೆನಪು ನಿಮ್ಮಲ್ಲೂ ಕೆಲವರಿಗೆ ಇದ್ದೀತು. ನಾನು ಏಳನೇ ಕ್ಲಾಸಿಗೆ ಬಂದ ವರ್ಷ ವಿಜ್ಞಾನದ ಗಿರಿಜಾ ಮೇಡಂ, "ಅರ್ಜಿ ಬರೆದೂ ಬರೆದೂ ಕೈ ಸೋತುಹೋಯ್ತು, ನಾವೇ ಹಾಕಿಸೋಣ" ಎಂದು ಟೊಂಕ ಕಟ್ಟಿ ನಿಂತರು. ಮಕ್ಕಳ ಮನೆಗಳಲ್ಲಿ ಮಾಡಿದ ತಿಂಡಿಯನ್ನು ಒಂದು ಭಾನುವಾರ ಶಾಲೆಯ ಮೈದಾನದಲ್ಲಿ ಮಾರುವುದು, ಬಂದದ್ದೆಲ್ಲ ಬಾಗಿಲಿಗೆ ಎಂದು ತೀರ್ಮಾನವಾಯಿತು.

ಗಿರಿಜಾ ಮೇಡಂ ಪಾಠಕ್ಕೆ ಮೇಡಂ, ಸ್ವಭಾವಕ್ಕೆ ಥೇಟ್ ಪೊಲೀಸು. ಹಾಸನಕ್ಕೆ ಹೋಗಿ ಯಾವುದೋ ಆಫೀಸಿನಲ್ಲಿ ವಿಚಾರಿಸಿಕೊಂಡು ಬಂದು ಕರಿಹಲಗೆಯ ತುಂಬ ನಿಯಮ ಬರೆದರು. ಹಾಲಿನ ತಿಂಡಿ ಬೇಡ, ಅನ್ನದ್ದು ಬೇಡ, ಹಸಿ ತೆಂಗಿನಕಾಯಿ ಹಾಕಿದ್ದಂತೂ ಬೇಡವೇ ಬೇಡ. "ಇನ್ನೇನ್ ಮಾರೋದು ಮಿಸ್, ಉಪ್ಪಾ?" ಎಂದು ಕೇಳಿದ ಸುಮ ಆ ಪೀರಿಯಡ್ ಮುಗಿಯುವ ತನಕ ಬೆಂಚಿನ ಮೇಲೆ ನಿಂತಿದ್ದಳು. ಎಲ್ಲಕ್ಕಿಂತ ಕಟ್ಟುನಿಟ್ಟಿನದು ಕೊನೆಯ ನಿಯಮ. ಪ್ರತಿ ಪೊಟ್ಟಣಕ್ಕೂ ಒಂದು ಚೀಟಿ ಅಂಟಿಸಬೇಕು. ಅದರಲ್ಲಿ ಏನು ತಿಂಡಿ, ಏನೇನು ಹಾಕಿದೆ, ಯಾವತ್ತು ಮಾಡಿದ್ದು, ಮಾಡಿದವರ ಹೆಸರು, ಮನೆ ಯಾವ ಬೀದಿ ಎಲ್ಲ ಇರಬೇಕು. "ತಿಂದು ಯಾರಿಗಾದ್ರೂ ಹೊಟ್ಟೆ ಕೆಟ್ರೆ ಎಲ್ಲಿಂದ ಬಂತು ಅಂತ ಗೊತ್ತಾಗ್ಬೇಕಲ್ಲ. ಚೀಟಿ ಇಲ್ದಿದ್ರೆ, ಸುಳ್ಳು ಚೀಟಿ ಇದ್ರೆ, ಪೊಟ್ಟಣ ವಾಪಸ್" ಎಂದರು.

ನನ್ನ ಎದೆ ಧಸಕ್ಕೆಂದದ್ದು ಆ 'ಯಾವ ಬೀದಿ' ಎನ್ನುವಲ್ಲಿ. ನಮ್ಮ ಮನೆ ಇದ್ದದ್ದು ಕೆರೆಕೋಡಿ ಕಾಲೋನಿಯಲ್ಲಿ. ನಮ್ಮ ಕಡೆ ಕಾಲೋನಿ ಅಂದರೆ ಸಾಕು, ಯಾವ ಜನ ಎಂದು ಮತ್ತೆ ಕೇಳುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಹಿಂದಿನ ವರ್ಷ ಹಬ್ಬಕ್ಕೆ ಮಾಡಿದ್ದ ಸಿಹಿ ಕಡುಬನ್ನು ಡಬ್ಬಿಯಲ್ಲಿ ತಂದು ಸುಮಳ ಮುಂದೆ ಹಿಡಿದಿದ್ದೆ. ಅವಳು ಕೈ ಚಾಚಿದವಳು ಹಿಂದಕ್ಕೆ ಎಳೆದುಕೊಂಡು, "ನಮ್ಮಮ್ಮ ಬೈತಾರೆ ಕಣೇ" ಎಂದಿದ್ದಳು. ಅವಳಿಗೂ ಪಾಪ ಮುಖ ಸಪ್ಪಗಾಗಿತ್ತು. ನಾನು ಮನೆಗೆ ಹೋಗಿ, ಎಲ್ಲರೂ ತಿಂದರು ಎಂದು ಅವ್ವನಿಗೆ ಸುಳ್ಳು ಹೇಳಿದ್ದೆ.

ತಿಂಡಿ ಮೇಳದ ಸುದ್ದಿ ಕೇಳಿ ಅವ್ವನಿಗೆ ಹಿಡಿಸಲಾರದಷ್ಟು ಹುರುಪು. ಆಲೂಗೆಡ್ಡೆ ಕೀಳುವ ಕೂಲಿಗೆ ಹೋಗುತ್ತಿದ್ದವಳು ಎರಡು ದಿನ ಕೆಲಸ ಬಿಟ್ಟಳು. "ನಮ್ ಮಗಳ ಸ್ಕೂಲ್ಗೆ ನಮ್ದೂ ಒಂದ್ ಇರ್ಲಿ. ಕೋಡುಬಳೆ ಮಾಡ್ತೀನಿ, ವಾರ ಇಟ್ರೂ ಕೆಡಕಿಲ್ಲ" ಎಂದಳು. ಚನ್ನರಾಯಪಟ್ಟಣದ ಕಡೆಯಿಂದ ಚಿಕ್ಕಮ್ಮ ತಂದಿದ್ದ ಕೊಬ್ಬರಿಯನ್ನು ಹಬ್ಬಕ್ಕೆಂದು ಎತ್ತಿಟ್ಟಿದ್ದಳು, ಅದನ್ನೂ ತುರಿದಳು. ಅಕ್ಕಿಹಿಟ್ಟು, ಹುರಿಗಡಲೆ ಪುಡಿ, ರುಬ್ಬಿದ ಬ್ಯಾಡಗಿ ಮೆಣಸಿನಕಾಯಿ, ಇಂಗು, ಮೇಲೊಂದು ಸೌಟು ಕಾದ ಎಣ್ಣೆ. ಹೊಸೆದು ಬಳೆ ಮಾಡಿ ಬಾಣಲೆಗೆ ಬಿಟ್ಟರೆ ಇಡೀ ಸಾಲುಮನೆಗೆ ಘಮ್ಮೆಂದು ವಾಸನೆ. ಮುರಿದರೆ ಕಟಕ್ ಎನ್ನಬೇಕು, ಅನ್ನದಿದ್ದರೆ ಮತ್ತೆ ಎಣ್ಣೆಗೆ.

ಅವ್ವನಿಗೆ ಓದು ಬರಹ ಬಾರದು. ಚೀಟಿ ಬರೆಯುವುದು ನನ್ನ ಪಾಲಿಗೆ ಬಂತು. ಏನೇನು ಹಾಕಿದೆ ಎಂದು ಬರೆದೆ, 'ಮಾಡಿದವರು ಚಿಕ್ಕತಾಯಮ್ಮ' ಎಂದು ಬರೆದೆ. ಬೀದಿಯ ಜಾಗಕ್ಕೆ ಬಂದಾಗ ಕೈ ನಿಂತುಬಿಟ್ಟಿತು. ಕಾಲೋನಿ ಎಂದು ಬರೆದರೆ ಒಬ್ಬರೂ ಮುಟ್ಟುವುದಿಲ್ಲ, ಅವ್ವ ತುಂಬಿದ ಡಬ್ಬವನ್ನು ತಲೆಯ ಮೇಲೆ ಹೊತ್ತು ವಾಪಸು ನಡೆಯುತ್ತಾಳೆ ಎನ್ನಿಸಿತು. ಸುಮಳ ಮನೆ ಇದ್ದ ಪೇಟೆ ಬೀದಿಯ ಹೆಸರು ಬರೆದೆ. ಒಂದರ ಮೇಲೆ ಬರೆದ ಮೇಲೆ ಎಲ್ಲದರ ಮೇಲೂ ಅದನ್ನೇ ಬರೆಯಬೇಕಲ್ಲ, ಬರೆದೆ. ಮೈದಾ ಅಂಟು ಸವರಿ ಚೀಟಿ ಅಂಟಿಸುತ್ತಿದ್ದ ಅವ್ವ, "ಎಷ್ಟ್ ದುಂಡ್ಗೆ ಬರೀತೀಯ ಮಗಾ" ಎಂದು ಬೆರಳಿನಿಂದ ಅಕ್ಷರದ ಮೇಲೆ ಸವರಿದಳು. ನನಗೆ ಅಲ್ಲೇ ಭೂಮಿ ಬಿರಿದು ಒಳಗೆ ಹೋಗಬೇಕೆನ್ನಿಸಿತು.

ಭಾನುವಾರ ಗಿರಿಜಾ ಮೇಡಂ ಒಂದೊಂದೇ ಮೇಜಿನ ಮುಂದೆ ನಿಂತು ಚೀಟಿ ಓದಿಕೊಂಡು ಬಂದರು. ಯಾರೋ ತಂದಿದ್ದ ಪುಳಿಯೋಗರೆ ಅಲ್ಲಿಂದಲೇ ವಾಪಸು ಹೋಯಿತು. ಅವ್ವ, ನಾನು ನಿಂತಿದ್ದ ಮೇಜಿಗೆ ಬಂದು ನಮ್ಮದನ್ನು ನೋಡಿ, "ಭೇಷ್, ಅಕ್ಷರ ಅಂದ್ರೆ ಹೀಗಿರ್ಬೇಕು" ಎಂದು ಮುಂದೆ ಹೋದರು. ಇನ್ನೂರು ಮಕ್ಕಳಲ್ಲಿ ಯಾರ ಮನೆ ಎಲ್ಲಿ ಎಂದು ಅವರಿಗಾದರೂ ಹೇಗೆ ನೆನಪಿರಬೇಕು! ಕೋಡುಬಳೆ ಚೆನ್ನಾಗಿಯೇ ಹೋಗತೊಡಗಿತು. ಬದುಕಿದೆಯಾ ಬಡಜೀವವೇ ಎಂದುಕೊಂಡೆ.

ಅಷ್ಟರಲ್ಲಿ ಜರಿಯಂಚಿನ ಸೀರೆ ಉಟ್ಟ ದಪ್ಪನೆಯ ಹೆಂಗಸೊಬ್ಬರು ಬಂದು ಪೊಟ್ಟಣ ಕೊಂಡು ಅಲ್ಲೇ ಒಂದು ಬಾಯಿಗೆ ಹಾಕಿಕೊಂಡರು. ಅಗಿಯುತ್ತ ಚೀಟಿ ಓದಿದರು. "ಪೇಟೆ ಬೀದಿ ಚಿಕ್ಕತಾಯಮ್ಮನಾ? ನಮ್ ಬೀದಿಲಿ ನಿನ್ನ ನೋಡೇ ಇಲ್ವಲ್ಲಮ್ಮ. ಯಾರ ಮನೆ?"

ನಾನು ತಲೆ ತಗ್ಗಿಸಿ ಪೊಟ್ಟಣಗಳನ್ನು ಜೋಡಿಸತೊಡಗಿದೆ. ಅವ್ವನಿಗೆ ಒಂದೂ ಅರ್ಥವಾಗಲಿಲ್ಲ. "ಪೇಟೆ ಬೀದಿ ಅಲ್ಲ ಅಮ್ಮಾವ್ರೆ, ನಾವು ಕೆರೆಕೋಡಿ ಕಾಲೋನಿಯೋರು" ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದಳು.

ಪೊಟ್ಟಣ ಆರಿಸುತ್ತಿದ್ದ ಒಬ್ಬಾತ ಅದನ್ನು ಮೆಲ್ಲಗೆ ಕೆಳಗಿಟ್ಟು ಬೇರೆ ಕಡೆ ನಡೆದ. ಗಿರಿಜಾ ಮೇಡಂ ಬಂದು ಚೀಟಿ ಓದಿದರು, ನನ್ನನ್ನು ನೋಡಿದರು. ಅವ್ವನೂ ನನ್ನನ್ನು ನೋಡಿದಳು. ಆಗ ಅವಳಿಗೆ ತಿಳಿಯಿತು. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ.

"ನಂದೇ ತಪ್ಪು ಮೇಡಂ. ಮಗೀಗೆ ನಾನೇ ಏನೋ ಹೇಳ್ಬುಟ್ಟೆ" ಎಂದಳು ಅವ್ವ.

ಮೇಡಂ ಅದನ್ನು ನಂಬಲಿಲ್ಲ. ಬೈಯಲೂ ಇಲ್ಲ. ಒಂದು ಹಾಳೆ, ಪೆನ್ನು, ಅಂಟಿನ ಬಟ್ಟಲು ತಂದು ನನ್ನ ಮುಂದಿಟ್ಟು, "ನಿಯಮ ಅಂದ್ರೆ ನಿಯಮ. ಉಳಿದಿದ್ದಕ್ಕೆಲ್ಲ ಸರಿಯಾದ ಚೀಟಿ ಬರಿ" ಎಂದರು. ಆಮೇಲೆ ಒಂದು ಪೊಟ್ಟಣ ಒಡೆದು ಎಲ್ಲರ ಎದುರಿಗೆ ಕಟಕಟ ಅಗಿಯುತ್ತ ನನ್ನ ಪಕ್ಕದಲ್ಲೇ ನಿಂತರು. "ಉಪ್ಪು, ಖಾರ ಎಲ್ಲ ಸರಿಯಾಗಿದೆ. ವಿಳಾಸ ಒಂದೇ ಸರಿ ಇರ್ಲಿಲ್ಲ."

ನಾನು ಮೂಗು ಒರೆಸಿಕೊಳ್ಳುತ್ತ ಬರೆದೆ. ಮೊದಲನೆಯ ಚೀಟಿಯಲ್ಲಿ ಕಾಲೋನಿ ಎನ್ನುವುದು ಇರುವೆ ಸಾಲಿನಷ್ಟು ಸಣ್ಣದಾಗಿತ್ತು. ನಾಲ್ಕೈದು ಚೀಟಿ ಆಗುವ ಹೊತ್ತಿಗೆ ಉಳಿದ ಅಕ್ಷರದಷ್ಟೇ ಆಯಿತು. ಪೇಟೆ ಬೀದಿಯ ಆ ಹೆಂಗಸು ಇನ್ನೂ ಅಲ್ಲೇ ನಿಂತಿದ್ದರು. ಕೈಯಲ್ಲಿದ್ದ ಅರ್ಧ ಕೋಡುಬಳೆಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು.

"ತಿಂದಾಗೋಯ್ತಲ್ಲ, ಇನ್ನೇನು! ಬೇಗ್ಬೇಗ ಬರ್ಯೇ ಹುಡ್ಗಿ, ನಂಗಿನ್ನೆರಡು ಬೇಕು. ನಮ್ಮತ್ತೆಗೆ ಕಣ್ಣು ಮಂಜು, ಚೀಟಿ ಗೀಟಿ ಓದಕಾಗಲ್ಲ" ಎಂದು ಉಳಿದ ಅರ್ಧವನ್ನೂ ಬಾಯಿಗೆ ಹಾಕಿಕೊಂಡರು.

ಯಾರೋ ಕಿಸಕ್ಕೆಂದು ನಕ್ಕರು. ಅವ್ವನೂ ನಕ್ಕಳು. ಆಮೇಲೆ ಕೆಲವರು ಚೀಟಿ ಓದಿ ಮುಂದೆ ಹೋದರು, ಕೆಲವರು ಓದಿಯೂ ಕೊಂಡರು. ಎಲ್ಲವೂ ಖಾಲಿಯಾಯಿತು ಎಂದರೆ ಸುಳ್ಳಾಗುತ್ತದೆ. ಡಬ್ಬದ ತಳದಲ್ಲಿ ಏಳೋ ಎಂಟೋ ಪೊಟ್ಟಣ ಉಳಿದವು. ಸುಮ ಅದರಲ್ಲೊಂದನ್ನು ತನ್ನ ಅಮ್ಮ ಕಾಣದಂತೆ ಕೊಂಡು ಬ್ಯಾಗಿನೊಳಗೆ ತುರುಕಿಕೊಂಡಳು.

ಕೆರೆ ಏರಿಯ ಮೇಲೆ ಮನೆಗೆ ಹೊರಟಾಗ ಅವ್ವ ಡಬ್ಬ ಹೊತ್ತು ಮುಂದೆ ಮುಂದೆ ನಡೆದಳು. ನಾನು ತಡೆಯಲಾರದೆ ಗೊಳೋ ಎಂದು ಅತ್ತೆ.

"ನಮ್ ಬೀದಿ ಬರೆಯಾಕೆ ನಾಚ್ಕೆ ಆಯ್ತೇನ್ ಮಗಾ?"

"ನಾಚ್ಕೆ ಅಲ್ಲ ಕಣವ್ವ, ಹೆದ್ರಿಕೆ. ಯಾರೂ ತಗಳ್ದಿದ್ರೆ ನೀನು ಅಳ್ತೀಯ ಅಂತ."

ಅವ್ವ ಡಬ್ಬ ಇಳಿಸಿ ಏರಿಯ ಕಲ್ಲಿನ ಮೇಲೆ ಕೂತಳು. "ನಂಗೂ ಬೆಳಿಗ್ಗಿಂದ ಅದೇ ಹೆದ್ರಿಕೆ ಕಣ. ಆ ಯಮ್ಮ ಬಾಯ್ಗೆ ಹಾಕ್ಕೊಂಡಾಗ್ಲಂತೂ, ಎಲ್ಲಿ ಉಗೀತಾಳೋ ಅಂತ ಜೀವ ಕೈಲಿ ಹಿಡ್ಕೊಂಡಿದ್ದೆ. ಹೇಳ್ಬುಟ್ಟೆ, ಅಗುರಾಯ್ತು. ನೀನೂ ಬರೆದ್ಯಲ್ಲ, ಬುಡತ್ತಾಗೆ" ಎಂದು ಸೆರಗಿನಿಂದ ನನ್ನ ಮುಖ ಒರೆಸಿದಳು. ಇಬ್ಬರೂ ಒಂದು ಪೊಟ್ಟಣ ಬಿಚ್ಚಿ ತಿಂದೆವು. ಕಡುಬಿನ ಸುಳ್ಳನ್ನೂ ಅಲ್ಲೇ ಹೇಳಿಬಿಟ್ಟೆ. ಅವಳಿಗೆ ಅದು ಆವತ್ತೇ ಗೊತ್ತಾಗಿತ್ತಂತೆ, ಡಬ್ಬಿ ವಾಪಸು ಬಂದ ಭಾರದಲ್ಲಿ!

ಎರಡು ತಿಂಗಳಲ್ಲಿ ಶಾಲೆಗೆ ಹಸಿರು ಬಣ್ಣದ ಬಾಗಿಲು ಬಂತು. ಒಳಗಿನಿಂದ ಚಿಲಕ ಹಾಕಿಕೊಂಡು ಸುಮ್ಮನೆ ಒಂದು ನಿಮಿಷ ನಿಂತಿದ್ದೆ. ಅಬ್ಬಾ, ಎಂಥ ನೆಮ್ಮದಿ!

ಈಗ ನಾನು ಹಾಸನದಲ್ಲಿದ್ದೇನೆ. ಮಗಳ ಶಾಲೆಯಲ್ಲೂ ವರ್ಷಕ್ಕೊಮ್ಮೆ ತಿಂಡಿ ಮೇಳ ಆಗುತ್ತದೆ. ಮನೆಯಲ್ಲಿ ಮಾಡಿದ್ದು ತರುವಂತಿಲ್ಲ, ಕಂಪನಿಯವರು ಸೀಲು ಮಾಡಿದ ಪೊಟ್ಟಣವೇ ಆಗಬೇಕು ಎಂದು ಸುತ್ತೋಲೆ ಬರುತ್ತದೆ. ತಪ್ಪೇನಿಲ್ಲ, ಮಕ್ಕಳ ಹೊಟ್ಟೆಯ ವಿಷಯ. ಮಗಳಿಗೆ ಯಾವ ವಿಳಾಸವನ್ನೂ ಮುಚ್ಚಿಡುವ ಗೋಜಿಲ್ಲ. ಬಾಲ್ಯ ಮರಳಿ ಬರಲಿ ಎಂದು ಹಂಬಲಿಸುವವರನ್ನು ಕಂಡಿದ್ದೇನೆ. ನನ್ನ ಬಾಲ್ಯದ ಆ ಹೆದರಿಕೆ ಎಲ್ಲಿ ಬಿದ್ದುಹೋಯಿತೋ ಅಲ್ಲೇ ಇರಲಿ, ನಾನಂತೂ ಹುಡುಕಿಕೊಂಡು ಹೋಗುವುದಿಲ್ಲ. ಆದರೆ ಮೇಳದಲ್ಲಿ ಕೊಂಡ ಪೊಟ್ಟಣವನ್ನು ತಿರುಗಿಸಿ ಸಣ್ಣಕ್ಷರವನ್ನೆಲ್ಲ ಓದುತ್ತೇನೆ. ಹಾಕಿದ ಸಾಮಾನು, ಮಾಡಿದ ತಾರೀಕು ಎಲ್ಲ ಇರುತ್ತದೆ. ಮಾಡಿದವಳ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ.