ಹಗಲಲ್ಲಿ ಮನೆಯಲ್ಲಿದ್ದ ಭಾವ

ನನ್ನ ಭಾವನಿಗೆ ಕಚೇರಿಯವರು ಇಟ್ಟ ಹೆಸರು ‘ಎರಡು ಬೀಗ’. ಡ್ರಾಯರಿಗೆ ಬೀಗ ಹಾಕಿ, ಎಳೆದು ನೋಡಿ, ಸಮಾಧಾನವಾಗದೆ ಇನ್ನೊಂದು ಬೀಗ ಹಾಕುವ ಮನುಷ್ಯ. ವಿಮಾ ಕಂಪನಿಗೆ ಪರಿಹಾರ ಕೇಳಿ ಬರುವ ಅರ್ಜಿಗಳಲ್ಲಿ ಸುಳ್ಳು ಹುಡುಕುವುದೇ ಅವರ ಕೆಲಸ. ಅನುಮಾನಪಟ್ಟರೆ ಸಂಬಳ ಸಿಗುವಾಗ ಆ ಗುಣ ಕಚೇರಿಯಲ್ಲೇ ಉಳಿದೀತೇ?

ಇನ್ನು ಮನೆಯಿಂದಲೇ ಕೆಲಸ ಮಾಡಿ ಎಂದು ಕಂಪನಿ ಹೇಳಿದಾಗ ಉಳಿದವರು ಹಿಗ್ಗಿದರು. ಭಾವ ಮಾತ್ರ, “ಇದರಲ್ಲೇನೋ ಮಸಲತ್ತಿದೆ” ಎಂದರು. ತಾನಿಲ್ಲದಾಗ ಯಾರಾದರೂ ಹೊಡೆದುಕೊಂಡಾರೆಂದು ಲೋಟ, ಕುರ್ಚಿಯ ದಿಂಬು, ಛತ್ರಿ, ಕೊನೆಗೆ ಕೋಟು ತೂಗುಹಾಕುತ್ತಿದ್ದ ಮೊಳೆಯನ್ನೂ ಕಿತ್ತು ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ತಂದರು.

ಸುಖವಿತ್ತು, ಸುಳ್ಳೇಕೆ? ಎರಡು ಬಸ್ಸು ಬದಲಿಸಿ ಕಂಬಿಗೆ ಜೋತುಬೀಳುವುದು ತಪ್ಪಿ ಸೊಂಟ ನೆಟ್ಟಗಾಯಿತು. ಊಟ ಬಿಸಿಬಿಸಿಯಾಗಿ ಸಿಕ್ಕಿತು. ಮಧ್ಯಾಹ್ನ ಅಡುಗೆಮನೆಗೆ ಅಷ್ಟು ಬಿಸಿಲು ಬರುತ್ತದೆಂದು ಅವರಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. “ಪುಕ್ಕಟೆ ಯಾಕೆ ಕೊಡ್ತಾರೆ ಇದನ್ನೆಲ್ಲ?” ಎಂದು ಗೊಣಗುತ್ತಾ ಕಂಪ್ಯೂಟರಿನ ಕ್ಯಾಮೆರಾಕ್ಕೆ ಕಾಗದ ಅಂಟಿಸಿ, ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು.

ಮನೆಯಲ್ಲಿದ್ದುದರಿಂದಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಊಟವಾದ ಮೇಲೆ ಅಕ್ಕ ದಿನವೂ ಹೊರಗೆ ಹೋಗುತ್ತಿದ್ದಳು. ಒಂದು ದಿನ ಮಹಡಿಯ ಮೇಲಿನ ನನ್ನ ಮನೆಗೆ ಭಾವ ಬಂದರು.

“ನಿಮ್ಮಕ್ಕ ಎಲ್ಲಿಗೆ ಹೋಗ್ತಾಳೆ?”

“ಗೆಳತಿ ಮನೆಗೆ ಅಂದಿದ್ಲಲ್ಲ ಭಾವ.”

“ಗೆಳತಿ ಮನೆಗೆ ಹೋಗಿಬಂದ್ರೆ ಕೈ ಕೆಂಪಗಾಗುತ್ತಾ? ಮೈಯೆಲ್ಲ ಬೇರೆ ಯಾವುದೋ ಸೋಪಿನ ವಾಸನೆ!”

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ರೇಗಿಸಬೇಕೆಂದಿದ್ದೆ. ಆದರೆ ಅಕ್ಕ ಕೈತಪ್ಪಿ ಹೋಗುತ್ತಿದ್ದಾಳೆಂದು ಅವರು ನಿಜವಾಗಿಯೂ ಹೆದರಿದ್ದರು. ನಾಳೆ ನೋಡೇಬಿಡೋಣ ಎಂದೆ.

ಮರುದಿನ ಇಬ್ಬರೂ ಅವಳ ಬೆನ್ನು ಹತ್ತಿದೆವು. ಅವಳು ಬಸ್ಸಿಳಿದು ಒಂದು ಲಾಂಡ್ರಿಯೊಳಗೆ ಹೋದಳು. ನಾವು ಒಳಗೆ ಕಾಲಿಟ್ಟಾಗ ಯಾರದೋ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಳು.

“ಇಲ್ಲೇನು ಮಾಡ್ತಿದ್ದೀಯ?” ಭಾವನ ದನಿ ಬಿದ್ದುಹೋಗಿತ್ತು.

“ಕಾಣ್ತಿಲ್ವಾ? ಒಬ್ಬರಾದ್ರೂ ದುಡೀಬೇಕಲ್ಲ. ನಿಮ್ಮ ಕೆಲಸ ಹೋಗಿದೆ ಅಂತ ನನಗೆ ಗೊತ್ತುರೀ. ನೀವಾಗೇ ಹೇಳ್ಲಿ ಅಂತ ಸುಮ್ಮನಿದ್ದೆ.”

“ಯಾರು ಹೇಳಿದ್ದು ಹಾಗಂತ?”

“ವಾಪಸ್ ಹೋಗೋರು ಗೋಡೆ ಮೊಳೆ ಕಿತ್ಕೊಂಡು ಬರ್ತಾರಾ? ಬಾಗಿಲು ಹಾಕ್ಕೊಂಡು ಕೂತ್ರೆ ಒಳಗಿಂದ ಸದ್ದೇ ಇಲ್ಲ!”

“ಸಂಬಳ ತಂದುಕೊಡ್ತಿದ್ದೀನಲ್ಲೇ!”

“ಕೂಡಿಟ್ಟಿದ್ದನ್ನ ತೆಗೆದು ಕೊಡ್ತಿದ್ದೀರಿ ಅಂದ್ಕೊಂಡೆ.”

ಭಾವ ಅಲ್ಲೇ ಇದ್ದ ಬಟ್ಟೆಗಂಟಿನ ಮೇಲೆ ಕುಸಿದು ಕೂತರು. ನನಗೆ ನಗು, ಅಳು ಎರಡೂ ಬಂದವು. ಸಂಜೆ ಅವರು ಕೋಣೆಯ ಬಾಗಿಲು ತೆರೆದು, ಕಂಪ್ಯೂಟರಿನಲ್ಲಿದ್ದ ಕೆಲಸವನ್ನೆಲ್ಲ ತೋರಿಸಿದ ಮೇಲೆಯೇ ಅಕ್ಕ ನಂಬಿದ್ದು. ಲಾಂಡ್ರಿ ಮಾತ್ರ ಬಿಡಲಿಲ್ಲ. “ಅಲ್ಲಿ ಮಾತಾಡೋಕೆ ಜನ ಇದ್ದಾರೆ” ಎಂದಳು.

ಈಗ ಸಂಜೆಯಾದರೆ ಭಾವ ಕಿಟಕಿಯ ಹತ್ತಿರ ನಿಲ್ಲುತ್ತಾರೆ. ಮೊನ್ನೆ ಬಸ್ಸು ತಡವಾಯಿತು. ಕತ್ತಲಾಗುತ್ತಿದ್ದ ಬೀದಿಯ ಮೇಲೆ ಕಣ್ಣು ನೆಟ್ಟೇ ನನ್ನನ್ನು ಕೇಳಿದರು: “ಇಷ್ಟು ವರ್ಷ ನಾನು ಬರೋ ತನಕ ಅವಳೂ ಹೀಗೇ ನಿಂತಿರ್ತಿದ್ಲಾ?”

“ಹೂಂ ಭಾವ, ದಿನಾ.”

ನಿಜವಾ ಎಂದು ಅವರು ಇನ್ನೊಮ್ಮೆ ಕೇಳಲಿಲ್ಲ.